ಬೆನ್ನ ಹಿಂದಿನ ಸ್ಕೂಟಿ

ಡಿಸೆಂಬರ್ 3, ಮಂಗಳವಾರ

ಅಂಗಡಿಯಲ್ಲಿ ಮೂರು ಲಗ್ನಪತ್ರಿಕೆ, ಒಂದು ಬರ್ತ್‌ಡೇ ಫ್ಲೆಕ್ಸ್. ಪ್ರಿಂಟರ್ ಎರಡು ಸಲ ಕೈಕೊಟ್ಟಿತು. ನಾನು ಇವತ್ತೂ ಓಡಲು ಹೋಗಲಿಲ್ಲ. ಶೂ ಪಲಂಗದ ಕೆಳಗೇ ಬಿದ್ದಿವೆ.

ಪಕ್ಕದ ಗ್ಯಾರೇಜಿನ ಬಿಲಾಲ್ ಇವತ್ತು ಕೇಳಿಯೇಬಿಟ್ಟ. "ಭೈಯಾ, ಸೋಲಾಪುರದಾಗ ಏನಾಯ್ತು, ಹೇಳಲೇ ಇಲ್ಲ ನೀವು."

ಏನು ಹೇಳುವುದು? ಅರವತ್ತು ಕಿಲೋಮೀಟರ್ ಓಟ. ಐವತ್ತು ದಾಟಿದ ಮೇಲೆ ಟೈಮ್ ಮುಗಿಯಿತು ಎಂದು ತಡೆದು ವ್ಯಾನ್ ಹತ್ತಿಸಿದರು. ಅದನ್ನಾದರೂ ನುಂಗಬಹುದಿತ್ತು. ಆ ವ್ಯಾನು ಸೀದಾ ಫಿನಿಶ್ ಗೆರೆಯ ಪಕ್ಕದಲ್ಲೇ ನಿಂತಿತು. ಬಾಗಿಲು ತೆಗೆದರೆ ಎದುರಿಗೆ ಹೆಂಡತಿ ಮನೀಷಾ, ಮಗಳು ಶೀತಲ. ಮಗಳ ಕೈಯಲ್ಲಿ ಹಾರ. ಎಷ್ಟೋ ಹೊತ್ತಿನಿಂದ ಬಿಸಿಲಲ್ಲಿ ನಿಂತು ಇಬ್ಬರ ಮುಖವೂ ಕಪ್ಪಾಗಿತ್ತು. ಮನೀಷಾ ಹಾರ ತಗೊಂಡು ಬ್ಯಾಗಿನಲ್ಲಿಟ್ಟಳು. "ಮೊದಲ ಊಟ ಮಾಡ್ರಿ" ಅಂದಳು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು...

ಡಿಸೆಂಬರ್ 8, ಭಾನುವಾರ

ಚಹಾದ ಹೊತ್ತಿಗೆ ಮನೀಷಾ ಜೊತೆ ಜಗಳ.

"ಫೆಬ್ರವರಿದಾಗ ಹೈದರಾಬಾದಿನಾಗ ಇನ್ನೊಂದು ಓಟ ಅದ ಅಂತ. ಅದೂ ಅರವತ್ತೇ. ಶೀತಲ ಫೋನಿನಾಗ ತೋರಿಸಿದಳು."

"ನಾ ಓಡಂಗಿಲ್ಲ."

"ಯಾಕ?"

"ನಲವತ್ತಾರು ವಯಸ್ಸಾಯ್ತು ನನಗ."

"ಹೋದ ತಿಂಗಳ ಎಷ್ಟಿತ್ತು?"

ಚಹಾದ ಲೋಟ ಎತ್ತಿಕೊಂಡೆ. ಅವಳು ಬಿಡಲಿಲ್ಲ. "ಒಬ್ಬರೇ ಓಡ್ತೀರಿ. ನೀರು ಮುಗದ್ರೂ ಯಾರಿಗೂ ಕೇಳಂಗಿಲ್ಲ, ಸುಮ್ಮ ಓಡ್ತೀರಿ. ಈ ಸರ್ತಿ ಪ್ರ್ಯಾಕ್ಟೀಸಿಗೆ ನಾ ಹಿಂದ ಬರ್ತೀನಿ. ನೀರು ತಗೊಂಡು."

"ನೀ ಹ್ಯಾಂಗ ಬರ್ತಿ?"

"ಶೀತಲನ ಸ್ಕೂಟಿ ಅದಲ್ಲ."

ಸೈಕಲ್ ಕೂಡ ತುಳಿದವಳಲ್ಲ. ನಕ್ಕುಬಿಟ್ಟೆ. ನಗಬಾರದಿತ್ತು. ಮಧ್ಯಾಹ್ನ ಅವಳೇ ಹೋಗಿ ಬಿಲಾಲ್‌ನನ್ನು ಕಂಡು ಬಂದಿದ್ದಾಳೆ.

ಡಿಸೆಂಬರ್ 15, ಭಾನುವಾರ

ಮೈದಾನದಲ್ಲಿ ಬಿಲಾಲ್‌ನ ಸ್ಕೂಟಿ ಪಾಠ. ಹೊಸ ಚೂಡಿದಾರ, ಶೀತಲಳ ಹೆಲ್ಮೆಟ್. ಹಲ್ಲು ಕಚ್ಚಿ ಕೂತಿದ್ದಾಳೆ ಮನೀಷಾ, ಪರೀಕ್ಷೆಗೆ ಬಂದವಳ ಹಾಗೆ.

"ಭಾಬೀ, ಬ್ರೇಕ್ ಹಿಡೀರಿ! ನನ್ನ ಕೈ ಅಲ್ಲ, ಬ್ರೇಕ್!"

ನಾನು ಬದಿಗೆ ನಿಂತು ನೋಡುತ್ತಿದ್ದೆ. ಅವಳಿಗೆ ಸಿಟ್ಟು ಬಂತು. "ನೀವು ನೋಡಬ್ಯಾಡ್ರಿ. ನನಗ ಅಂಜಿಕಿ ಆಗ್ತದ. ಅತ್ಲಾಗ ಓಡಹೋಗ್ರಿ."

ಓಡಿದೆ. ಮೈದಾನ ಸುತ್ತಿ ಸುತ್ತಿ, ಚಪ್ಪಲಿಯಲ್ಲೇ. ಸೋಲಾಪುರದ ನಂತರ ಇದೇ ಮೊದಲು. ಮನೆಗೆ ಬಂದಾಗಲೇ ನೆನಪಾದದ್ದು — ನಾನು ಓಟ ಬಿಟ್ಟವನಲ್ಲವೇ!

ಜನವರಿ 5, ಭಾನುವಾರ

ಬೆಳಿಗ್ಗೆ ಸಸ್ತಾಪುರ ಬಂಗ್ಲಾ ಕ್ರಾಸ್ ದಾಟಿ ರಾಜೇಶ್ವರದವರೆಗೆ ಓಟ. ಥಂಡಿ. ಎರಡೂ ಕಡೆ ತೊಗರಿ ಹೊಲ, ಮಂಜು. ಬೆನ್ನ ಹಿಂದೆ ಸ್ಕೂಟಿಯ ಗುರ್ ಗುರ್.

ದಾರಿಯುದ್ದಕ್ಕೂ ಅವಳದೇ ಮಾತು. ತವರೂರು ಕೊಡಂಬಲದ ಶಾಲೆ. ಖೋಖೋ ಟೀಮಿನಲ್ಲಿದ್ದಳಂತೆ. ಬೀದರಿಗೆ ಆಡಲು ಕಳಿಸಲಿಲ್ಲವಂತೆ ಅವರಪ್ಪ. ಎರಡು ದಿನ ಉಪವಾಸ ಕೂತಳಂತೆ. ಇಪ್ಪತ್ತೊಂದು ವರ್ಷದ ಸಂಸಾರ, ಇದೊಂದೂ ನನಗೆ ಗೊತ್ತಿರಲಿಲ್ಲ. ಏದುಸಿರಿನಲ್ಲಿ "ಹೂಂ" ಅನ್ನುವುದು ಬಿಟ್ಟು ಬೇರೇನೂ ಆಗಲಿಲ್ಲ.

"ಹಿಂಗ ಸುಮ್ಮ ಕೇಳ್ತೀರಿ ಅಂತ ಗೊತ್ತಿದ್ರ ಲಗ್ನ ಆದ ವರ್ಷನೇ ಓಡಸ್ತಿದ್ದೆ ನಿಮಗ."

ನಕ್ಕು ಪಕ್ಕೆ ಹಿಡಿದುಕೊಂಡಿತು. ಸ್ವಲ್ಪ ದೂರ ನಡೆದೇ ಹೋದೆ.

ಜನವರಿ 19, ಭಾನುವಾರ

ಮನೀಷಾ ಬಿದ್ದಳು.

ವಾಪಸ್ ಬರುವಾಗ, ಬಂಗ್ಲಾ ಹತ್ತಿರ. ಟೆಂಪೋ ಒಂದು ಜೋರಾಗಿ ಹಾರ್ನ್ ಹೊಡೆಯಿತು, ಬೆಚ್ಚಿ ಗಾಡಿಯನ್ನು ಜಲ್ಲಿಗೆ ಇಳಿಸಿದಳು. ಸಪ್ಪಳ ಕೇಳಿ ತಿರುಗಿದರೆ ಗಾಡಿಯ ಕೆಳಗೆ ಕಾಲು. ಹೇಗೆ ಓಡಿದೆನೋ ನೆನಪಿಲ್ಲ. ಮೊಣಕೈಗೆ ಹೊಲಿಗೆ. ಎಲುಬಿಗೆ ಏನೂ ಆಗಿಲ್ಲ ಎಂದರು ಡಾಕ್ಟರ್.

ಸಾಕು. ಗಾಡಿ ಸಾಕು, ಓಟವೂ ಸಾಕು. ನಾಳೆಯೇ ಹೇಳುತ್ತೇನೆ.

ಜನವರಿ 20

ಹೇಳಿದೆ. ಕೇಳಿಸಿಕೊಂಡಳು. ಆಮೇಲೆ —

"ನಿಮ್ಮ ಸಲುವಾಗಿ ಅಷ್ಟೇ ಗಾಡಿ ಹೊಡ್ಯಾಕತ್ತೇನಿ ಅಂತ ತಿಳಕೊಂಡೀರಿ? ಮೊದಲ ಹೌದು. ಈಗ ಅಲ್ಲ. ನೀವು ಓಡೋದು ಬಿಟ್ರ ಮುಂಜಾನೆ ನಾ ಏನಂತ ಹೊರಗ ಬೀಳಲಿ? ಬಿದ್ದಾಕಿ ನಾ. ನಾನೇ ಅಂಜಿಲ್ಲ. ನೀವ್ಯಾಕ ಅಂಜ್ತೀರಿ?"

ಬ್ಯಾಂಡೇಜಿನ ಕೈಯಲ್ಲೇ ರೊಟ್ಟಿ ಬಡಿಯಲು ಹೊರಟಳು. ಎಬ್ಬಿಸಿ ನಾನೇ ಅನ್ನಕ್ಕಿಟ್ಟೆ.

ಫೆಬ್ರವರಿ 2, ಭಾನುವಾರ

ಹುಮನಾಬಾದಿನವರೆಗೆ ಓಡಿದೆ! ನಿಲ್ಲದೆ. ನೀರು, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ — ಕೇಳುವ ಮೊದಲೇ ಪಕ್ಕಕ್ಕೆ ಬರುತ್ತಿತ್ತು.

ಬಸ್ ಸ್ಟ್ಯಾಂಡ್ ಮುಂದೆ ಮಿರ್ಚಿ ಭಜಿ ತಿಂದು ಕೈ ಒರೆಸಿಕೊಂಡು ಮನೀಷಾ ಅಂದಳು, "ನೀವು ಬಸ್ಸಿಗೆ ಬರ್ರಿ. ನಾ ಒಬ್ಬಾಕೀನೇ ಹೋಗಿ ನೋಡ್ತೀನಿ."

ಹೆಲ್ಮೆಟ್ ಎತ್ತಿ ಅವಳ ಕೈಗೆ ಕೊಟ್ಟೆ.

ರಾಜೇಶ್ವರದ ಈಚೆಗೆ ಬಸ್ಸು ಅವಳನ್ನು ದಾಟಿತು. ಕಿಟಕಿಯಿಂದ ಕಂಡಳು. ಬೆನ್ನು ನೆಟ್ಟಗೆ, ದುಪಟ್ಟಾ ಬಿಗಿದು ಕಟ್ಟಿ, ಹೆಲ್ಮೆಟಿನೊಳಗೆ ಏನೋ ಹಾಡಿಕೊಳ್ಳುತ್ತ. ಕೂಗಿದೆ. ಕೇಳಿಸಲಿಲ್ಲ. ಬಸ್ಸಿನವರೆಲ್ಲ ನನ್ನತ್ತ ನೋಡಿದರು. "ನಮ್ಮ ಮನಿಯಾಕಿ" ಅಂದೆ, ಯಾರೂ ಕೇಳದಿದ್ದರೂ.

ಫೆಬ್ರವರಿ 15, ಹೈದರಾಬಾದ್

ಚಿಕ್ಕಪ್ಪನ ಮಗನ ಮನೆ. ನಾಳೆ ಓಟ. ದಾರಿಯಲ್ಲಿ ಯಾರ ಗಾಡಿಗೂ ಪರವಾನಗಿ ಇಲ್ಲವಂತೆ. ಮನೀಷಾಳ ಮುಖ ಸಪ್ಪಗಾಯಿತು.

"ಮತ್ತ ನಾ ಏನ್ ಮಾಡಲಿ?"

"ಫಿನಿಶ್ ಹತ್ತಿರ ನಿಲ್ಲು."

"ಅಲ್ಲಿ ಬ್ಯಾಡ" ಅಂದಳು.

ಫೆಬ್ರವರಿ 17, ಸೋಮವಾರ

ನಿನ್ನೆಯದನ್ನು ಬರೆಯಲೇಬೇಕು.

ಐವತ್ತನೇ ಕಿಲೋಮೀಟರಿನ ಹತ್ತಿರ ಕಾಲಿನ ಮೀನಖಂಡ ಕಲ್ಲಾಯಿತು. ಬೆನ್ನ ಹಿಂದೆ ಸಪ್ಪಳವಿಲ್ಲ, ಮಾತಿಲ್ಲ. ನಿಂತುಬಿಟ್ಟೆ. ಹೇಗೋ ಕಾಲೆಳೆದುಕೊಂಡು ನೀರಿನ ಟೇಬಲ್ ಮುಟ್ಟಿದರೆ — ಸೀರೆಯ ಮೇಲೆ ಹಳದಿ ಟೀಶರ್ಟ್ ಹಾಕಿ ನಿಂತಿದ್ದಾಳೆ ಮನೀಷಾ! ಬೆಳಿಗ್ಗೆ ತಾನೇ ಹೋಗಿ ನೀರು ಕೊಡುವ ಕೆಲಸ ಕೇಳಿಕೊಂಡಳಂತೆ. ಜನ ಕಡಿಮೆ ಇದ್ದರು, ಬಾ ಅಂದರಂತೆ.

"ಆಗ್ವಲ್ದು ಮನೀಷಾ."

ಗ್ಲಾಸು ಬಾಯಿಗೇ ಹಿಡಿದಳು. "ಮಾತಾಡಾಕ ಆಗ್ತದಂದ್ರ ನಡ್ಯಾಕೂ ಆಗ್ತದ. ಆ ಕಂಬದ ತನ ನಡೀರಿ. ಆಮ್ಯಾಲ ಓಡ್ರಿ. ನಂದಿಲ್ಲಿ ಕೆಲಸ ಅದ, ನಿಲ್ಲಬ್ಯಾಡ್ರಿ."

ನನ್ನ ಹಿಂದೆ ಬಂದವನಿಗೆ ನೀರು ಕೊಡಲು ಆಗಲೇ ತಿರುಗಿದ್ದಳು. ಕಂಬದವರೆಗೆ ನಡೆದೆ. ಆಮೇಲೆ ಓಡಿದೆ.

ಟೈಮ್ ಮುಗಿಯಲು ಸ್ವಲ್ಪವೇ ಬಾಕಿ ಇದ್ದಾಗ ಗೆರೆ ದಾಟಿದೆ. ಕೊರಳಿಗೆ ಮೆಡಲ್ ಬಿತ್ತು. ಗುರುತಿನವರು ಯಾರೂ ಇಲ್ಲ. ಅವಳ ಕೆಲಸ ಮುಗಿದಿರಲಿಲ್ಲ. ನೆಲದ ಮೇಲೆ ಕೂತು ಕಾದೆ. ಬಹಳ ಹೊತ್ತು. ಕೊನೆಗೆ ಆಟೋ ಇಳಿದು ಓಡಿ ಬಂದಳು. ಮೆಡಲ್ ತಿರುವಿ ಮುರುವಿ ನೋಡಿದಳು. ನನ್ನ ಪಕ್ಕ ನೆಲದ ಮೇಲೇ ಕೂತು ಅತ್ತಳು. ನಾನೂ.

ಫೆಬ್ರವರಿ 19

ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಹಿಮ್ಮುಖವಾಗಿ ಇಳಿಯುತ್ತಿದ್ದೇನೆ, ಶೀತಲ ವಿಡಿಯೋ ಮಾಡುತ್ತಿದ್ದಾಳೆ. ಮನೀಷಾಗೆ ಇವತ್ತೇ ಮಂಠಾಳಕ್ಕೆ ಅಕ್ಕನ ಮನೆಗೆ ಹೋಗಬೇಕಂತೆ. ಗಾಡಿ ಹೊಡೆಯುವವಳು ಅವಳು, ಹಿಂದೆ ನಾನು. ಕಾಲು ಎತ್ತಿ ಹೇಗೆ ಕೂರುವುದೋ... ಕೆಳಗೆ ಹಾರ್ನ್ ಶುರುವಾಯಿತು. ಬಂದೆ ಬಂದೆ ಅಂದರೂ —