ಕರೆದರೆ ಬರುವವಳು

ಭಾನುವಾರ, ಮಾರ್ಚ್ ೯

ಮುದ್ದು ಗುಬ್ಬಿ,

ನೀನು, ಅಳಿಯಂದಿರು, ಹೊಟ್ಟೆಯೊಳಗೆ ಕೂತು ನಿನ್ನನ್ನು ಒದೆಯುತ್ತಿರುವ ಆ ಪುಟ್ಟ ರೌಡಿ, ಮೂವರೂ ಸೌಖ್ಯವೆಂದು ನಂಬಿದ್ದೇನೆ. ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಕಾಗದ ತಡವಾಯಿತು, ಮುನಿಸಿಕೊಳ್ಳಬೇಡ. ಹೋದ ಭಾನುವಾರವೇ ಬರೆಯಲು ಕೂತಿದ್ದೆ. "ಮುದ್ದು ಗುಬ್ಬಿ" ಎಂದು ಬರೆಯುವಷ್ಟರಲ್ಲಿ ಯಾರೋ ಬಾಗಿಲು ಬಡಿದರು, ಎದ್ದು ಹೋದವಳು ಈಗ ಬಂದು ಕೂತಿದ್ದೇನೆ. ಫೋನಿರುವಾಗ ಕಾಗದ ಯಾಕೆ ಅಂತ ನಿನ್ನ ಗಂಡ ನಗುತ್ತಾರಂತೆ. ನಗಲಿ. ಫೋನಿನಲ್ಲಿ ನೀನು "ಸರಿಯಮ್ಮ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಕಾಗದ ಹಾಗನ್ನುವುದಿಲ್ಲ, ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಳ್ಳುತ್ತದೆ.

ಮೊದಲು ನಿನ್ನ ವಿಷಯ. ಏಪ್ರಿಲ್ ಮೊದಲ ವಾರದಲ್ಲಿ ಹೆರಿಗೆ ಅಂತ ಡಾಕ್ಟರು ಹೇಳಿದ್ದಾರೆ ಅಂದೆಯಲ್ಲ. ನನ್ನ ಮನೆಗೇ ಬಾ ಅನ್ನಲು ಬಾಯಿ ಬರುವುದಿಲ್ಲ. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ, ಇರುವುದು ಒಂದು ಕೋಣೆ, ಅದರಲ್ಲೂ ಅರ್ಧ ಜಾಗ ನಿನ್ನ ಹಳೆಯ ಪುಸ್ತಕಗಳದ್ದು. ಅದಕ್ಕೇ ನಾನೇ ಅಲ್ಲಿಗೆ ಬಂದು ಬಾಣಂತನ ಮಾಡಲಾ ಅಂತ ಕೇಳಿದ್ದೆ. "ನೋಡಿ ಹೇಳ್ತೀನಮ್ಮ" ಅಂತ ನೀನು ಅಂದಿದ್ದೆ. ನೋಡು, ನಿಧಾನವಾಗಿಯೇ ನೋಡು. ನಾನೇನು ಇಲ್ಲಿ ಬಾಗಿಲಲ್ಲಿ ಕಣ್ಣಿಟ್ಟು ಕೂತಿಲ್ಲ. ಆದರೆ ಏಪ್ರಿಲ್‌ನಲ್ಲಿ ಯಾರ ಕೆಲಸವನ್ನೂ ಒಪ್ಪಿಕೊಂಡಿಲ್ಲ, ಅಷ್ಟು ತಿಳಿದಿರಲಿ.

ಇನ್ನು ನನ್ನ ಸುದ್ದಿ. ಬೆಳಗ್ಗೆ ಮಾಮೂಲಿನಂತೆ ಡ್ರೈಕ್ಲೀನಿಂಗ್ ಅಂಗಡಿ. ಕೋಟಿಗೆ ಚೀಟಿ ಸಿಕ್ಕಿಸುವುದು, ರಸೀದಿ ಕಳೆದುಕೊಂಡವರ ಹತ್ತಿರ ಜಗಳ ಆಡುವುದು. ಮಧ್ಯಾಹ್ನದ ಮೇಲೆ ನನ್ನ ಸ್ವಂತ ಕಾರುಬಾರು. ಇದು ಹೇಗೆ ಶುರುವಾಯಿತು ಅಂತ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ನಮ್ಮ ಅಂಗಡಿಗೆ ಬರುವ ಬ್ಯಾಂಕಿನ ಹುಡುಗಿ ಒಂದು ದಿನ ಕೌಂಟರಿನ ಮುಂದೆ ಅಳುವ ಮುಖ ಮಾಡಿಕೊಂಡು ನಿಂತಿದ್ದಳು. ಮನೆಯಲ್ಲಿ ನಲ್ಲಿ ಸೋರುತ್ತಿದೆ, ಪ್ಲಂಬರ್ ಮಧ್ಯಾಹ್ನ ಯಾವಾಗಲೋ ಬರುತ್ತಾನೆ, ಅವಳಿಗೆ ರಜೆ ಇಲ್ಲ. ನಾನು ಹೋಗಿ ಅವಳ ಮನೆಯಲ್ಲಿ ಕೂತೆ. ಪ್ಲಂಬರ್ ಸಂಜೆಗೆ ಬಂದ, ನಲ್ಲಿ ಸರಿಮಾಡಿದ, ಹೋದ. ಹುಡುಗಿ ಮನೆಗೆ ಬಂದವಳೇ ದುಡ್ಡು ಕೊಡಲು ನೋಡಿದಳು. ಸುಮ್ಮನೆ ಕೂತಿದ್ದಕ್ಕೆ ದುಡ್ಡೇನಮ್ಮ ಅಂದೆ. "ಆಂಟಿ, ಸುಮ್ಮನೆ ಕೂರೋಕೇ ನನಗೆ ಪುರುಸೊತ್ತಿಲ್ಲ. ನೀವು ಕೂತಿದ್ರಿ, ಅದಕ್ಕೇ ದುಡ್ಡು" ಅಂದಳು. ಜೀವಮಾನವಿಡೀ ದುಡಿದು ದುಡಿದು ಸಾಕಾದವಳಿಗೆ, ಕೂತರೂ ಸಂಬಳ ಸಿಗುತ್ತದೆ ಅಂತ ಗೊತ್ತಾಗಿದ್ದು ಅವತ್ತೇ.

ಆಮೇಲೆ ಬಾಯಿಂದ ಬಾಯಿಗೆ ಹಬ್ಬಿತು. ಒಬ್ಬರಿಗೆ ಕಣ್ಣಿಗೆ ಔಷಧಿ ಬಿಡಬೇಕು, ಇನ್ನೊಬ್ಬರಿಗೆ ಆಸ್ಪತ್ರೆಗೆ ಜೊತೆ ಬೇಕು, ಮತ್ತೊಬ್ಬರಿಗೆ ದಿಂಬಿನ ಗವಸು ಬದಲಾಯಿಸಲು ತೋಳು ಎತ್ತಲಾಗುವುದಿಲ್ಲ. ಆ ಬ್ಯಾಂಕಿನ ಹುಡುಗಿಯಂತೂ ಸಮಾರಂಭ ಇದ್ದ ದಿನ ಉಡುಪಿನ ಬೆನ್ನಿನ ಜಿಪ್ ಎಳೆಸಿಕೊಳ್ಳಲು ನಮ್ಮ ಮನೆಗೇ ಬರುತ್ತಾಳೆ. "ಒಬ್ಬಳೇ ಇರೋಳು ಇದನ್ನ ಹೇಗೆ ಹಾಕ್ಕೋಬೇಕು ಅಂತ ಹೊಲಿದಿದ್ದಾರೋ" ಅಂತ ದರ್ಜಿಯನ್ನು ಬೈಯುತ್ತಾಳೆ. ಜಿಪ್‌ಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಜಿಪ್ ಎಳೆದ ಮೇಲೆ ಅವಳು ತಿರುಗಿ ನಿಂತು "ಹೇಗಿದೀನಿ?" ಅನ್ನುತ್ತಾಳೆ. ನೀನೂ ಹಾಗೇ ಕೇಳುತ್ತಿದ್ದೆ.

ಎರಡನೇ ಮಹಡಿಯಲ್ಲಿ ಒಬ್ಬರು ವಯಸ್ಸಾದವರಿದ್ದಾರೆ. ಕೈಬೆರಳು ಸೊಟ್ಟಗಾಗಿ ಬಾಟಲಿ ಮುಚ್ಚಳ ತಿರುಗಿಸಲು ಆಗುವುದಿಲ್ಲ. ಅವರಿಗೆ ನಾನು ಇಟ್ಟ ಹೆಸರು ಮುಚ್ಚಳದ ತಾತ. ವಾರಕ್ಕೆರಡು ಸಲ ಹೋಗಿ ಎಲ್ಲ ಮುಚ್ಚಳ ಸಡಿಲ ಮಾಡಿಟ್ಟು ಬರುತ್ತೇನೆ. ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ, ಅವರ ಮಾತು ಮುಗಿಯುವುದಿಲ್ಲ. ಮುಂದಿನ ಸಲ ಹೋಗುವಷ್ಟರಲ್ಲಿ ಎಲ್ಲ ಮತ್ತೆ ಬಿಗಿಯಾಗಿರುತ್ತವೆ. ಸೊಟ್ಟ ಬೆರಳಿನವರು ಇಷ್ಟು ಬಿಗಿಯಾಗಿ ಮುಚ್ಚಿದ್ದು ಹೇಗೆ ಅಂತ ಕೇಳಿದೆ. "ಮುಚ್ಚೋಕೆ ಬರುತ್ತೆ, ತೆಗೆಯೋಕೆ ಮಾತ್ರ ಬರಲ್ಲ" ಅಂದರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. ನಾನು ಮತ್ತೆ ಕೇಳಲು ಹೋಗಲಿಲ್ಲ.

ಎಲ್ಲರಿಗಿಂತ ನನಗೆ ಪಾಠ ಕಲಿಸಿದವರು ಸಂಗೀತದ ಮೇಡಂ. ನಮ್ಮ ಬೀದಿಯ ಕೊನೆಯ ಮನೆಯವರು. ಕಣ್ಣು ಹೆಚ್ಚುಕಡಿಮೆ ಕಾಣಿಸುವುದಿಲ್ಲ, ಆದರೂ ಒಬ್ಬರೇ ಇದ್ದು ಮಕ್ಕಳಿಗೆ ಪಾಠ ಹೇಳುತ್ತಾರೆ. ಅಂಗಡಿಯಿಂದ ಸಾಮಾನು ತಂದುಕೊಡಿ ಅಂತ ಕರೆದಿದ್ದರು. ಮೊದಲ ದಿನವೇ ನನ್ನ ಕೈ ಸುಮ್ಮನಿರಬೇಕಲ್ಲ. ಅವರು ಪಾಠದಲ್ಲಿದ್ದಾಗ ಅಡುಗೆಮನೆ ಕಪಾಟು ತೆಗೆದು ನೋಡಿದರೆ ಡಬ್ಬಿಗಳು ಅಡ್ಡಾದಿಡ್ಡಿ. ಪಾಪ, ಕಾಣದವರು ಅಂತ ಮರುಗಿ, ಎಲ್ಲವನ್ನೂ ಒರೆಸಿ, ಎತ್ತರದ ಪ್ರಕಾರ ಸಾಲಾಗಿ ಜೋಡಿಸಿ, ನಾನೇ ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಮೆಚ್ಚಿಕೊಂಡು ಬಂದೆ. ಮಾರನೆಯ ದಿನ ಹೋದಾಗ ಮೇಡಂ ಒಂದು ಲೋಟ ಕಾಫಿ ಕೊಟ್ಟರು. ಬಾಯಿಗಿಟ್ಟರೆ ಉಪ್ಪು. "ನಿನ್ನೆ ರಾತ್ರಿಯಿಂದ ನಾನೂ ಇದನ್ನೇ ಕುಡೀತಿದೀನಿ. ಎಡಗಡೆಯಿಂದ ಮೂರನೇದು ನಮ್ಮನೇಲಿ ಸಕ್ಕರೆ. ನೀವು ಉಪ್ಪು ತಂದಿಟ್ಟಿದ್ದೀರಿ" ಅಂದರು. ಸಿಟ್ಟೇನಿಲ್ಲ, ನಗುತ್ತಲೇ ಹೇಳಿದರು. ನಾನು ಆ ಕಾಫಿಯನ್ನು ಪೂರ್ತಿ ಕುಡಿದೆ. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು, ಅವರು ಹೇಳುತ್ತಾ ಹೋದಂತೆ ನಾನು ಒಂದೊಂದೇ ಡಬ್ಬಿಯನ್ನು ಹಳೆಯ ಜಾಗಕ್ಕೆ ಸೇರಿಸಿದೆ.

ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಕೇಳದೆ ಏನನ್ನೂ ಮುಟ್ಟುವುದಿಲ್ಲ, ಕರೆಯದೆ ಯಾರ ಮನೆಗೂ ಹೋಗುವುದಿಲ್ಲ. ಹೊಸಬರ ಮನೆಗೆ ಹೋದರೆ ಮೊದಲು ಕೇಳುವ ಮಾತೇ "ನಿಮಗೆ ಏನು ಮಾಡಿದರೆ ಸೇರೋದಿಲ್ಲ, ಅದನ್ನ ಹೇಳಿ" ಅಂತ. ಎಷ್ಟು ಜನರಿಗೆ ಆ ಪ್ರಶ್ನೆ ಕೇಳಿಯೇ ಸಮಾಧಾನವಾಗುತ್ತದೆ ಗೊತ್ತಾ. ಮೇಡಂಗೆ ಇದನ್ನು ಹೇಳಿದೆ. "ಒಳ್ಳೇದೇ. ಆದ್ರೆ ಕರೆಯೋಕೆ ಸಂಕೋಚ ಪಡೋರೂ ಇರ್ತಾರೆ ಕಣ್ರಿ, ಅವರ ಗತಿ ಏನು?" ಅಂದರು. ನಾನು ಅವರ ಬಟ್ಟೆ ಮಡಿಸುತ್ತಾ ಕೂತೆ.

ಈ ಸಂಪಾದನೆಯಲ್ಲಿ ನನಗೋಸ್ಕರ ಒಂದೇ ಒಂದು ವಸ್ತು ಕೊಂಡಿದ್ದೇನೆ, ಚಕ್ರ ಇರುವ ಸೂಟ್‌ಕೇಸ್. ನೀಲಿ ಬಣ್ಣದ್ದು. ಹಳೆಯದರ ಹಿಡಿ ಕಿತ್ತುಬಂದು ಹಗ್ಗ ಕಟ್ಟಿದ್ದು ನಿನಗೆ ನೆನಪಿರಬೇಕು. ತಂದ ದಿನ ಪರೀಕ್ಷೆ ಮಾಡೋಣವೆಂದು ನಮ್ಮ ಮಹಡಿಯ ಉದ್ದಕ್ಕೂ ಎಳೆದುಕೊಂಡು ಹೋಗಿ ಬಂದೆ. ಆ ಗಡಗಡ ಸದ್ದಿಗೆ ಕೆಳಗಿನ ಮನೆಯವರು ಹೆದರಿ ಮೇಲೆ ಬಂದರು. ಈಗ ಅದು ಬಾಗಿಲ ಹಿಂದೆ ನಿಂತಿದೆ. ಅಂಗಡಿಯಲ್ಲಿ ಯಾರೂ ಬಿಡಿಸಿಕೊಳ್ಳದೆ ಉಳಿದಿದ್ದ ಮೆತ್ತನೆಯ ಬಿಳಿ ಹಾಸುಬಟ್ಟೆಯನ್ನು ಯಜಮಾನರು ಕೊಟ್ಟರು. ಅದನ್ನು ಕತ್ತರಿಸಿ, ಅಂಚು ಹೊಲಿದು, ಮಗುವಿನ ಬಟ್ಟೆ ಮಾಡಿ ಅದರಲ್ಲಿಟ್ಟಿದ್ದೇನೆ. ನನ್ನ ನಾಲ್ಕು ಬಟ್ಟೆ, ಕನ್ನಡಕದ ಡಬ್ಬಿ, ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿ. ಮುಚ್ಚಳದ ತಾತನಿಗೂ ಗೊತ್ತು. "ಯಾವಾಗ ಹೊರಡೋದು?" ಅಂತ ಹೋದಾಗಲೆಲ್ಲ ಕೇಳುತ್ತಾರೆ. ಕರೆ ಬಂದ ತಕ್ಷಣ ಅನ್ನುತ್ತೇನೆ. ಹಾಗಾದರೆ ಆ ತಿಂಗಳು ಎಲ್ಲ ಮುಚ್ಚಳ ತೆರೆದೇ ಇಡುತ್ತಾರಂತೆ.

ಸುಖವಾಗಿದ್ದೇನೆ ಗುಬ್ಬಿ. ಇದನ್ನು ನಿನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ. ಬೀದಿಯಲ್ಲಿ ನಡೆದರೆ ಆ ಕಡೆ ಈ ಕಡೆ ಬಾಗಿಲುಗಳಿಂದ ಜನ ಮಾತಾಡಿಸುತ್ತಾರೆ. ನಿನ್ನಪ್ಪ ಹೋದ ಮೇಲೆ ಇಷ್ಟು ಜನ ನನ್ನನ್ನು ಮಾತಾಡಿಸಿದ್ದೇ ಇಲ್ಲ.

ಮೆಟ್ಟಿಲು ಇಳಿಯುವಾಗ ಹುಷಾರು. ಕಾಲು ಊದಿದ್ದರೆ ದಿಂಬಿನ ಮೇಲಿಟ್ಟು ಮಲಗು. ಅಳಿಯಂದಿರಿಗೆ ನನ್ನ ವಿಶ್ವಾಸ ತಿಳಿಸು. ಹೊಟ್ಟೆಯ ಮೇಲೆ ಕೈಯಿಟ್ಟು, ನಿಮ್ಮಜ್ಜಿ ಒದೆಸಿಕೊಳ್ಳಲು ರೆಡಿಯಾಗಿದ್ದಾಳೆ ಅಂತ ಹೇಳು. ನೀವು ಮೂವರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಮ್ಮ

ಮರೆತ ಮಾತು (ಮಂಗಳವಾರ): ಮನೆಯಲ್ಲಿ ಸ್ಟಾಂಪ್ ಮುಗಿದಿತ್ತು, ಕಾಗದ ಮೇಜಿನ ಮೇಲೇ ಉಳಿಯಿತು. ನಿನ್ನೆ ಮಧ್ಯಾಹ್ನ ಅಳಿಯಂದಿರು ಫೋನ್ ಮಾಡಿದರು. ಅವರ ಹೆಸರು ಕಂಡ ಕೂಡಲೇ ನಾನು ಸೂಟ್‌ಕೇಸಿನ ಕಡೆ ನೋಡಿದೆ. "ಅತ್ತೆ, ನೀವು ಇದೇ ಕೆಲಸದಲ್ಲಿರೋರು, ನಿಮ್ಮನ್ನ ಬಿಟ್ಟು ಬೇರೆ ಯಾರನ್ನ ಕೇಳಲಿ? ಬಾಣಂತನಕ್ಕೆ ಒಬ್ಬ ಹೆಂಗಸು ಒಪ್ಕೊಂಡಿದ್ದಾರೆ, ಎರಡು ತಿಂಗಳು ಮನೇಲೇ ಇರ್ತಾರೆ. ಅವರನ್ನ ಏನೇನು ವಿಚಾರಿಸಬೇಕು?" ಅಂದರು. ಗುಬ್ಬಿ ಏನಂದಳು ಅಂತ ಕೇಳಿದೆ. "ಅವಳೇ ಹೇಳಿದ್ದು ಅತ್ತೆ. ಅಮ್ಮ ಇಷ್ಟು ವರ್ಷಕ್ಕೆ ತಮ್ಮದು ಅಂತ ಏನೋ ಕಟ್ಕೊಂಡಿದ್ದಾರೆ, ಅಲ್ಲಿ ಅಷ್ಟು ಜನ ಅವರನ್ನೇ ನಂಬಿದ್ದಾರೆ. ನಾನು ಕರೆದ್ರೆ ಎಲ್ಲಾ ಬಿಟ್ಟು ಓಡಿ ಬಂದುಬಿಡ್ತಾರೆ, ಅದಕ್ಕೇ ಕರೆಯೋದು ಬೇಡ ಅಂದ್ಲು."

ನೀನು ಹೇಳಿದ್ದು ನಿಜ, ಓಡಿ ಬರುತ್ತಿದ್ದೆ. ನೀನು ನನ್ನ ಒಳ್ಳೆಯದಕ್ಕೇ ಹಾಗೆ ಯೋಚಿಸಿದ್ದೀಯ ಅಂತಲೂ ಗೊತ್ತು. ಆದರೂ ನೋವಾಯಿತು ಮಗಳೇ. ಊರವರ ಮುಚ್ಚಳವನ್ನೆಲ್ಲ ತೆಗೆದುಕೊಡುವವಳು, ನಿನ್ನ ಮನೆಗೆ ಮಾತ್ರ ಬೇಡವಾದೆನಾ ಅನ್ನಿಸಿತು.

ಆ ಹೆಂಗಸಿನ ಜೊತೆ ನಾನೇ ಮಾತಾಡಿದೆ. ಒಳ್ಳೆಯವಳು, ದನಿ ತಣ್ಣಗಿದೆ. "ನಿಮ್ಮ ಮಗಳಿಗೆ ಏನು ಸೇರಲ್ಲ, ಮೊದಲು ಅದನ್ನ ಹೇಳಿ ಅಮ್ಮ" ಅಂದಳು. ನಾನು ಕೇಳುವ ಪ್ರಶ್ನೆಯನ್ನೇ ನನಗೆ ಕೇಳಿದಳು. ಎಲ್ಲ ಹೇಳಿದೆ. ಬಾಯಾರಿದರೂ ನೀರು ಕೇಳುವವಳಲ್ಲ, ಕೈಗೆ ಎಟುಕುವಲ್ಲಿ ಇಡು. ಸಿಟ್ಟು ಬಂದರೆ ಮಾತು ಬಿಡುತ್ತಾಳೆ, ಮಾತಾಡಿಸಲು ಹೋಗದೆ ಪಕ್ಕದಲ್ಲಿ ಕೂತು ಬಟ್ಟೆ ಮಡಿಸು. ಕೋಣೆಯ ಬಾಗಿಲು ಪೂರ್ತಿ ಮುಚ್ಚಬೇಡ. ಅವಳು ಎಲ್ಲಕ್ಕೂ ಹೂಂಗುಟ್ಟಿದಳು.

ಒಂದನ್ನು ಮಾತ್ರ ಹೇಳಲಿಲ್ಲ. ಚಿಕ್ಕಂದಿನಲ್ಲಿ ನಿನಗೆ ಎಷ್ಟು ಅತ್ತರೂ ನಿದ್ದೆ ಬಾರದಿದ್ದಾಗ ನಾನು ನಿನ್ನ ಎಡಗಾಲಿನ ಪಾದಕ್ಕೆ ನನ್ನ ಅಂಗೈ ಒತ್ತಿ ಹಿಡಿಯುತ್ತಿದ್ದೆ. ಒತ್ತಿದ ಕೂಡಲೇ ನೀನು ಮಲಗಿಬಿಡುತ್ತಿದ್ದೆ. ನಿನಗದು ನೆನಪಿರಲಾರದು. ನಾಲಿಗೆ ತುದಿಯವರೆಗೂ ಬಂದಿತ್ತು, ನುಂಗಿಕೊಂಡೆ.

ಕರೆಯದೆ ಬರುವವಳಲ್ಲ ನಾನು. ಸೂಟ್‌ಕೇಸ್ ಇನ್ನೂ ಬಿಚ್ಚಿಲ್ಲ.