ಜಡೆಯ ತೂಕ

ಮಾಸ್ಟರ್,

ಜೂಡೋ ಹಾಲ್‌ನಲ್ಲಿ ನಿಮ್ಮನ್ನು ಅಪ್ಪ ಅಂತ ಕರೆದರೆ ಕಪಾಳಕ್ಕೆ ಬಾರಿಸುತ್ತಿದ್ದಿರಿ. ನೀವು ಸತ್ತು ಆರು ವರ್ಷವಾದರೂ ಬಾಯಿಗೆ ಮಾಸ್ಟರ್ ಅಂತಲೇ ಬರುತ್ತದೆ.

ಮೊಣಕಾಲು ಕೈಕೊಟ್ಟ ಮೇಲೆ ನಾನೂ ಕಲಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಪಂದ್ಯಕ್ಕೆ ಮೊದಲು, ಹಿಂದಿನ ಕೋಣೆಯಲ್ಲಿ ಶಿಷ್ಯೆಯೊಬ್ಬಳ ತೂಕ ನೋಡಿದೆ. ಹದಿಮೂರು ವರ್ಷ, ಸೊಂಟ ಮುಟ್ಟುವ ಜಡೆ. ಎದುರಾಳಿಯನ್ನು ಕೆಡವಿ, ತಾನೇ ಕೈ ನೀಡಿ ಎಬ್ಬಿಸುವ ಹಸುವಿನಂಥ ಹುಡುಗಿ. ಹಸುಗಳು ಪದಕ ತರುವುದಿಲ್ಲ.

“ನಿನ್ನ ವಿಭಾಗದ ಮಿತಿಗಿಂತ ನೂರು ಗ್ರಾಂ ಜಾಸ್ತಿ ಇದೆ,” ಅಂದು ಚೀಲದಿಂದ ನಿಮ್ಮ ಹಳೆಯ ಕತ್ತರಿ ತೆಗೆದೆ.

“ಬೇಡ ಅಕ್ಕ, ದಮ್ಮಯ್ಯ. ಓಡಿ ಬೆವರು ಇಳಿಸ್ತೀನಿ.”

“ಕೂದಲು ಮತ್ತೆ ಬರುತ್ತೆ. ಈ ಪಂದ್ಯ ಬರಲ್ಲ.”

ನಿಮ್ಮದೇ ಮಾತು, ನಿಮ್ಮದೇ ಧಾಟಿ. ಜಡೆಯನ್ನು ಬುಡದಲ್ಲೇ ಕತ್ತರಿಸಿದೆ.

ಆಮೇಲೆ ಅವಳು ಮೂವರಿಗೆ ಮಣ್ಣುಮುಕ್ಕಿಸಿದಳು. ಯಾರನ್ನೂ ಕೈ ನೀಡಿ ಎಬ್ಬಿಸಲಿಲ್ಲ. ಪದಕ ಹಾಕಿಕೊಂಡು ನಿಂತಾಗ ನನ್ನನ್ನೊಮ್ಮೆ ನೋಡಿದಳು. ನಿಮ್ಮ ಗೋಡೆಯ ಮೇಲಿದ್ದ ನನ್ನ ಗೆಲುವಿನ ಫೋಟೋಗಳಲ್ಲೆಲ್ಲ ಅದೇ ಮುಖವಿದೆ. ನೀವದನ್ನು ಛಲ ಅನ್ನುತ್ತಿದ್ದಿರಿ.

ಜಡೆ ಕತ್ತರಿಸುವ ಮೊದಲೇ ಅವಳ ತೂಕ ಸರಿಯಾಗಿಯೇ ಇತ್ತು. ಅಂಕಿ ಕಾಣದ ಹಾಗೆ ನಾನು ತೂಕದ ಯಂತ್ರಕ್ಕೆ ಅಡ್ಡ ನಿಂತಿದ್ದೆ. ಎಲ್ಲಿ ನಿಲ್ಲಬೇಕೆಂದು ಯೋಚಿಸುವ ಅಗತ್ಯವೇ ಬರಲಿಲ್ಲ, ಕಾಲು ತಾನಾಗಿ ಅಲ್ಲಿಗೆ ಹೋಯಿತು.

ನನ್ನ ಜಡೆ ಹೋದ ದಿನ ನೀವೂ ಅಲ್ಲೇ ನಿಂತಿದ್ದಿರಿ.

ಅಪ್ಪ, ಅವತ್ತು ನನ್ನ ತೂಕ ಎಷ್ಟಿತ್ತು?