ಔಲಿಯ ಇಳಿಜಾರಿನಲ್ಲಿ ನೀವು ಆಡಲಿರುವ ಮಾತು

ನೆರಳೂರು, ದಾವಣಗೆರೆ
ನಾಲ್ಕನೇ ಬೇಸಿಗೆಯ ಹದಿನೇಳನೇ ದಿನ, ೨೧೯೧

ಪೂಜ್ಯ ವಿಶಾಲಾಕ್ಷಮ್ಮನವರಿಗೆ, ನಿಮ್ಮ ಏಳನೇ ತಲೆಮಾರಿನ ನೀಲಾಂಬಿಕೆಯ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮಗೀಗ ಎಲ್ಲ ಕಾಲವೂ ಬೇಸಿಗೆಯೇ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಮಾತು ಬಲ್ಲ ಮೇಷ್ಟ್ರೊಬ್ಬರಿಂದ ತಿದ್ದಿಸಿದ್ದೇನೆ, ಅವರಿಗಾದರೂ ಎಷ್ಟು ಗೊತ್ತೋ ದೇವರೇ ಬಲ್ಲ. ಇದು ಹಿಂದೋಲೆ, ಅಂದರೆ ಸತ್ತುಹೋದ ಹಿರಿಯರಿಗೆ ಅವರು ಬದುಕಿರುವಾಗಲೇ ತಲುಪುವ ಕಾಗದ. ಮನೆಗೊಂದೇ ಸಲ ಬರೆಯಲು ಅವಕಾಶ. ಬೇರೆಯವರು ಹೊಲ ಮಾರಬೇಡಿ, ಬಾವಿ ಮುಚ್ಚಬೇಡಿ ಎಂದೆಲ್ಲ ಬರೆಯುತ್ತಾರೆ. ನಾನು ನಿಮ್ಮ ಸ್ಕೀ ಪ್ರವಾಸದ ಬಗ್ಗೆ ಬರೆಯಲು ಕೂತಿದ್ದೇನೆ.

ಬರುವ ಜನವರಿಯಲ್ಲಿ ನೀವು ಯಜಮಾನರು, ಮಕ್ಕಳು, ತಂಗಿಯ ಮನೆಯವರೊಂದಿಗೆ ಹಿಮಾಲಯದ ಔಲಿಗೆ ಹೋಗುತ್ತೀರಿ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ನಾಲ್ಕು ಮಾರು ಜಾರುವಷ್ಟರಲ್ಲಿ ಹಿಮದಲ್ಲಿ ಮಕಾಡೆ ಬೀಳುತ್ತೀರಿ. ತಂಗಿ ವಿಡಿಯೋ ಮಾಡುತ್ತಿರುತ್ತಾರೆ, ಅದು ಇಂದಿಗೂ ನಮ್ಮ ಮನೆಯಲ್ಲಿದೆ. ನೀವು ಮುಖ ಒರೆಸಿಕೊಳ್ಳುತ್ತಾ, ನಗು ತಡೆಯಲಾರದೆ, "ಎಷ್ಟು ತಲೆಮಾರಾದ್ರೂ ನಮ್ಮ ಮನೆಯವ್ರೆಲ್ಲ ವರ್ಷಕ್ಕೊಂದ್ಸಲ ಇಲ್ಲಿಗೆ ಬರ್ಲೇಬೇಕು ನೋಡ್ರಿ" ಅನ್ನುತ್ತೀರಿ. ತಮಾಷೆಗೆ ಅಂದಿರಬಹುದು. ನಮ್ಮ ಮನೆಯಲ್ಲಿ ಅದು ವ್ರತವಾಗಿ ಕೂತಿದೆ.

ಈಗ ಅಲ್ಲಿಗೆ ಹೋಗುವ ಪಾಡು ಕೇಳಿ. ಹಗಲಿನ ಕಾವಿಗೆ ಹಳಿ ಸೊಟ್ಟಗಾಗುವುದರಿಂದ ಇರುಳುಗಾಡಿಯಲ್ಲೇ ಹೋಗಬೇಕು. ಬೆಳಗಾದಾಗ ಎಲ್ಲಿರುತ್ತದೋ ಅಲ್ಲೇ ಅದು ಸಂಜೆಯ ತನಕ ನಿಲ್ಲುತ್ತದೆ. ಬುತ್ತಿ ಹಳಸುತ್ತದೆ, ಮಕ್ಕಳು ಅಳುತ್ತಾರೆ, ನೀರಿನ ಪಾಲಿಗೆ ಜಗಳ. ಇಷ್ಟೆಲ್ಲ ಪಟ್ಟು ಮೇಲೆ ಹೋದರೆ ಹಿಮ ಎಲ್ಲಿದೆ? ನನ್ನ ಅಜ್ಜಿಯ ಕಾಲಕ್ಕೆ ಹುಸಿಹಿಮವೆಂಬ ಬಿಳಿ ಪುಡಿಯನ್ನಾದರೂ ಹರಡುತ್ತಿದ್ದರಂತೆ. ಈಗ ಬರೀ ಜಲ್ಲಿ. ಅದರ ಮೇಲೇ ಹಲಗೆ ಕಟ್ಟಿಕೊಂಡು ಜಾರಿ, ಮಂಡಿ ತರಚಿಕೊಂಡು ಬರುತ್ತೇವೆ. ನೀವು ಸ್ವೆಟರ್ ಹಾಕಿದ್ದಿರೆಂದು ನಾವೂ ಆ ಉರಿಯಲ್ಲಿ ಸ್ವೆಟರ್ ಹಾಕಬೇಕು. ನನಗಂತೂ ಸಾಕುಸಾಕಾಗಿ ಹೋಗಿದೆ.

ನನ್ನ ದಣಿವು ಹಾಗಿರಲಿ. ಕೇಳುತ್ತಿರುವುದು ನನ್ನ ತಾಯಿ ಚಿನ್ಮಯಿಗಾಗಿ. ಅವಳ ಶ್ವಾಸಕೋಶ ಕೆಟ್ಟಿದೆ. ಹೋದ ವರ್ಷ ಅರ್ಧ ಇಳಿಜಾರಿನಲ್ಲೇ ತುಟಿ ನೀಲಿಯಾಗಿ ಕುಸಿದಳು. ಇನ್ನೊಮ್ಮೆ ಆ ಎತ್ತರಕ್ಕೆ ಹೋದರೆ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅವಳು ನೋಡಿದರೆ ಈಗಲೇ ಹಲಗೆಗೆ ಎಣ್ಣೆ ಹಚ್ಚುತ್ತಿದ್ದಾಳೆ. ಬೈದೆ, ಅತ್ತು ಕರೆದೆ, ಊಟ ಬಿಟ್ಟು ಕೂತೆ. "ಹಿರೇರು ಬರ್ಲೇಬೇಕು ಅಂದಾರಲ್ಲೇ, ಬ್ಯಾಡ ಅನ್ನಾಕೆ ನಾನ್ಯಾರು" ಅಂತ ಅವಳದು ಒಂದೇ ಮಾತು.

ನೀವು ಆ ಮಾತನ್ನೇ ಆಡಬೇಡಿ ಎಂದು ಬರೆಯೋಣವೆಂದಿದ್ದೆ. ಮನಸ್ಸು ಬರಲಿಲ್ಲ. ಆ ವಿಡಿಯೋ ನೋಡುವಾಗ ಮಾತ್ರ ಅವಳು ಮನಸಾರೆ ನಗುತ್ತಾಳೆ. ನೀವು ಬೀಳುವ ಮುಂಚೆಯೇ ನಗಲು ಶುರು ಮಾಡುತ್ತಾಳೆ. ಅದನ್ನು ಅವಳಿಂದ ಕಿತ್ತುಕೊಳ್ಳಲಾರೆ. ಆದ್ದರಿಂದ ಬೀಳಿ, ನಗಿ, ಅದೇ ಮಾತನ್ನೂ ಆಡಿ. ಕೊನೆಗೆ ಇದೊಂದನ್ನು ಸೇರಿಸಿ: "ಆಗದವ್ರು ಮನೇಲಿರ್ರಿ, ನಾವೇನ್ ಬೇಜಾರ್ ಮಾಡ್ಕೊಳಲ್ಲ." ಸ್ವಲ್ಪ ಗಟ್ಟಿಯಾಗಿ ಹೇಳಿ, ಅವಳಿಗೆ ಕಿವಿ ಮಂದ.

ಈ ಕಾಗದ ಕಳಿಸಿದ ಮೇಲೆ ಅವಳ ಪಕ್ಕ ಕೂತು ವಿಡಿಯೋ ಹಾಕುತ್ತೇನೆ. ಅದರಲ್ಲಿ ಆ ಹೊಸ ಮಾತು ಕೇಳಿಸದಿದ್ದರೆ, ನೀವು ಹೇಳಿರದಿದ್ದರೆ, ಸಿಟ್ಟೇನಿಲ್ಲ. ಟಿಕೆಟ್ ಮಾಡಿಸಿಟ್ಟಿದ್ದೇನೆ, ಇಳಿಜಾರಿನ ನೆತ್ತಿಯ ತನಕ ಅವಳನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ. ಬರುವಾಗ ನಾನೊಬ್ಬಳೇ ಬರುವ ಹಾಗೆ ಮಾತ್ರ ಮಾಡಬೇಡಿ.